ಉಳಿದ ಐವತ್ತು ಸೆಕೆಂಡು

ಸುದ್ದಿ ಬಂದದ್ದು ಅವರ ನಂಬರಿಗೆ. ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಸೊಸೆ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗಿ ಒಂದು ಗಂಟೆಯಾಗಿತ್ತು. ಅವರು ಬೆಳಗಿನ ಪ್ರಾರ್ಥನೆ ಮುಗಿಸಿ, ಗಾಳಿಗೆ ದೀಪ ಆರದಂತೆ ಕಿಟಕಿಯನ್ನು ಅರ್ಧ ಮುಚ್ಚಿ, ಒದ್ದೆ ಟವೆಲನ್ನು ಬಾಲ್ಕನಿಯ ತಂತಿಗೆ ಹರವುತ್ತಿದ್ದರು. ಅಂದು ಸೋಮವಾರ. ಯುದ್ಧಕ್ಕೆ ಹೋದ ಮಗನ ಕರೆ ಬರುವುದು ಗುರುವಾರ, ನಾಲ್ಕು ಗಂಟೆಗೆ. ಆದ್ದರಿಂದ ಇದು ಮಗನಲ್ಲ ಎಂದುಕೊಂಡೇ ಫೋನು ಎತ್ತಿದರು. "ತಂದೆಯವರೇ ಮಾತಾಡ್ತಿರೋದಾ ಸರ್?" ಎಂದು ಆ ಕಡೆಯ ದನಿ ಕೇಳಿತು. ಎಳೆಯ ದನಿ. ಆಮೇಲೆ ಅದು ಓದತೊಡಗಿತು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರಿಗೆ, ಮಾತಾಡುವ ದನಿಗೂ ಓದುವ ದನಿಗೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಓದುವವನು ಉಸಿರು ತೆಗೆದುಕೊಳ್ಳುವುದು ಸಾಲು ಮುಗಿದಲ್ಲಿ, ಮಾತಾಡುವವನು ಎಲ್ಲೆಂದರಲ್ಲಿ. ಶುಕ್ರವಾರ ಬೆಳಗಿನ ಜಾವ, ಕರ್ತವ್ಯದಲ್ಲಿದ್ದಾಗ, ಎಂದು ಆ ದನಿ ಓದಿ ಉಸಿರು ತೆಗೆದುಕೊಂಡಿತು. ತಮ್ಮ ಮಗ, ಎಂದಿತು. ಟವೆಲಿನ ಇನ್ನೊಂದು ತುದಿ ಅವರ ಕೈಯಲ್ಲೇ ಇತ್ತು. ಅದರ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. "ಎಲ್ಲಿ?" ಎಂದರು. "ಜಾಗ ಹೇಳೋ ಹಾಗಿಲ್ಲ ಸರ್." "ಸರಿ, ಸರಿ. ಹೇಳಬಾರದು," ಎಂದು ಅವರೇ ಅವನಿಗೆ ಸಮಾಧಾನ ಹೇಳಿದರು. ಕೈಕೆಳಗಿನ ಹುಡುಗನೊಬ್ಬ ನಿಯಮ ತಪ್ಪದೆ ನಡೆದುಕೊಂಡಾಗ ಹಿಂದೆ ಹೇಳುತ್ತಿದ್ದುದು ಹೀಗೆಯೇ. ಮಡಿದವರ ಪಟ್ಟಿ ಪ್ರಕಟವಾಗುವ ತನಕ ಮನೆಯವರನ್ನು ಬಿಟ್ಟು ಯಾರಿಗೂ ತಿಳಿಸಬಾರದು, ಇಂಟರ್ನೆಟ್ಟಿನಲ್ಲಿ ಏನನ್ನೂ ಹಾಕಬಾರದು, ಮುಂದಿನ ವಿವರಕ್ಕೆ ಸಂಜೆ ಐದಕ್ಕೆ ಮತ್ತೆ ಕರೆ ಬರುತ್ತದೆ. ಓದುವುದು ಅಲ್ಲಿಗೆ ಮುಗಿಯಿತು. ಆದರೆ ದನಿ ಹೋಗಲಿಲ್ಲ. "ಇನ್ನೊಂದು ಮಾತು ಸರ್. ಇದು ಕಾಗದದಲ್ಲಿಲ್ಲ. ಗುರುವಾರದ ಕರೆಯಲ್ಲಿ ಲೈನಿನ ಮೇಲೆ ಇದ್ದವನು ನಾನೇ," ಎಂದು ಅದು ಎಲ್ಲೆಂದರಲ್ಲಿ ಉಸಿರು ತೆಗೆದುಕೊಳ್ಳುತ್ತ ಇನ್ನೂ ಎರಡು ಮಾತು ಆಡಿತು. ಆ ಎರಡು ಮಾತನ್ನು ಅವರು, ಕದ್ದ ವಸ್ತುವನ್ನು ಕೈಗೆ ಸಿಕ್ಕಲ್ಲಿ ತುರುಕುವವರಂತೆ, ಮನಸ್ಸಿನ ಯಾವುದೋ ಮೂಲೆಗೆ ತುರುಕಿಬಿಟ್ಟರು.

ಟವೆಲನ್ನು ಪೂರ್ತಿ ಹರವಿ ಎರಡು ಕಡೆ ಕ್ಲಿಪ್ಪು ಹಾಕಿದರು. ಕಣ್ಣೀರು ಬರಲಿಲ್ಲ. ಬಂದದ್ದು ಬೇರೆಯೇ ಒಂದು ಯೋಚನೆ, ದೀಪದ ಮುಂದೆ ನಿಂತು ನೆನೆಯಲೂ ನಾಚಿಕೆಯಾಗುವಂಥದು: ನನಗೇ ಮೊದಲು ಹೇಳಿದರು. ಅವಳಿಗಲ್ಲ, ನನಗೆ. ಅವಳು ಈಗ ಅಂಗಡಿಯಲ್ಲಿ ಯಾರದೋ ಮೂಗಿನ ಮೇಲೆ ಫ್ರೇಮು ಇಟ್ಟು, ತಲೆ ವಾರೆ ಮಾಡಿ ನೋಡುತ್ತಿರಬಹುದು. ಅವಳ ಪಾಲಿಗೆ ಅವನು ಇನ್ನೂ ಇದ್ದಾನೆ. ಈ ಊರಿನಲ್ಲಿ ಅವನು ಸತ್ತಿರುವುದು ತನ್ನೊಬ್ಬನಿಗೆ ಮಾತ್ರ. ಮದುವೆಯಾದ ಏಳು ವರ್ಷಗಳಲ್ಲಿ ಮೊದಲ ಸಲ ಮಗ ಪೂರ್ತಿಯಾಗಿ ತನ್ನವನಾಗಿದ್ದ, ಯಾರ ಜೊತೆಗೂ ಹಂಚಿಕೊಳ್ಳಬೇಕಾಗಿರಲಿಲ್ಲ. ಈ ಯೋಚನೆಯ ಬೆನ್ನಿಗೇ ಇನ್ನೊಂದು ಬಂತು, ಅದಕ್ಕಿಂತ ಕೆಟ್ಟದ್ದು: ಬದುಕಿರುವ ಮಗ ಅವಳಿಗೆ, ಸತ್ತ ಮಗ ನನಗೆ. ಇಲ್ಲಿಯೂ ಒಳ್ಳೆಯ ಪಾಲು ಅವಳಿಗೇ ಹೋಯಿತಲ್ಲ. ದೇವರೇ, ಎಂದು ಬಾಲ್ಕನಿಯ ಕಂಬಿ ಹಿಡಿದುಕೊಂಡರು. ಕೆಳಗಡೆ ರಸ್ತೆಯಲ್ಲಿ ಒಬ್ಬ ಗಾಜಿನ ಹಾಳೆಯನ್ನು ಬೆನ್ನಿಗೆ ಕಟ್ಟಿಕೊಂಡು ಸೈಕಲ್ಲು ತುಳಿಯುತ್ತ ಹೋದ, ಗಾಜಿನಲ್ಲಿ ಆಕಾಶವೂ ಜೊತೆಗೆ ಹೋಯಿತು.

ಮೊದಲು ಹೀಗಿರಲಿಲ್ಲ. ಯುದ್ಧದ ಮೊದಲ ನಾಲ್ಕು ತಿಂಗಳು ಸೈನಿಕರ ಕೈಯಲ್ಲಿ ಫೋನಿತ್ತು, ಫೋನಿನಲ್ಲಿ ಇಂಟರ್ನೆಟ್ಟಿತ್ತು, ಸಂಜೆಯಾದರೆ ಮಗನ ಮುಖ ಗಾಜಿನ ಮೇಲೆ ಬರುತ್ತಿತ್ತು. "ಅಪ್ಪ, ಹುಷಾರಾಗಿದ್ದೀಯಾ? ಮಾತ್ರೆ ತಗೊಂಡ್ಯಾ? ಸರಿ, ಅವಳಿಗೆ ಕೊಡು." ಇಷ್ಟೇ. ಆಸ್ಪತ್ರೆಯ ನರ್ಸು ಸಾಲಾಗಿ ಮಂಚ ನೋಡಿಕೊಂಡು ಹೋಗುವ ಹಾಗೆ. ಆಮೇಲೆ ಸೊಸೆ ಫೋನು ಹಿಡಿದು ಒಳಗೆ ಹೋಗುವಳು, ಬಾಗಿಲು ಮುಚ್ಚುವಳು. ಮೆಲ್ಲಗೆ, ಅವರ ಮನಸ್ಸು ನೋಯದಂತೆ ಮುಚ್ಚುವಳು. ಧಡಾರನೆ ಮುಚ್ಚಿದ್ದರೆ ಒಂದು ಜಗಳವಾದರೂ ಆಡಬಹುದಿತ್ತು. ಅವರು ನಡುಮನೆಯಲ್ಲಿ ಕೂತು ವಾರ್ತೆ ಹಾಕಿ, ವಾರ್ತೆಯ ದನಿಯನ್ನು ಸಣ್ಣಗೆ ಮಾಡುವರು. ಮಾತು ತಿಳಿಯುತ್ತಿರಲಿಲ್ಲ, ದನಿಯೂ ನಗುವೂ ಮಾತ್ರ ಬರುತ್ತಿದ್ದವು. ಮಗನ ಆ ನಗುವನ್ನು ಅವರು ಕಂಡೇ ಇರಲಿಲ್ಲ. ಅದು ಅವನಿಗೆ ಎಲ್ಲಿಂದ ಬಂತು? ತನ್ನ ಹೆಂಡತಿ ಹೋದ ಮೇಲೆ ಹನ್ನೊಂದು ವರ್ಷದ ಹುಡುಗನಿಗೆ ತಲೆ ಬಾಚಿ, ಗುಂಡಿ ಹೊಲಿದು, ಜ್ವರ ಬಂದರೆ ರಜೆ ಹಾಕಿ ಸಾಕಿದವನು ತಾನು. ಆ ಹುಡುಗ ತನ್ನ ಎದುರಿಗೆ ಹಾಗೆ ನಕ್ಕಿದ್ದೇ ಇಲ್ಲ. ಒಂದು ದಿನ ಹೀಗೇ ಕೂತಿದ್ದಾಗ ತಮ್ಮ ಬಲಗೈ ಕಿವಿಯ ಬಳಿ ಹೋಗಿ, ಇಲ್ಲದ ಹೆಡ್‌ಫೋನನ್ನು ಒತ್ತಿ ಹಿಡಿದಿರುವುದು ಅವರಿಗೆ ಕಂಡಿತು. ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತರು.

ಆಮೇಲೆ ನಿಷೇಧ ಬಂತು. ಯಾವನೋ ಸಿಪಾಯಿ ತನ್ನ ಹುಟ್ಟಿದ ದಿನದ ಫೋಟೋ ಹಾಕಿದ್ದ, ಅವನ ಹಿಂದೆ ನೀರಿನ ಟ್ಯಾಂಕು ಕಾಣುತ್ತಿತ್ತು, ಮರುದಿನ ಆ ಟ್ಯಾಂಕಿನ ಬುಡಕ್ಕೇ ಗುಂಡು ಬಂದು ಬಿತ್ತು ಎಂದು ಸುದ್ದಿ. ರಣರಂಗದಲ್ಲಿ ಫೋನು, ಇಂಟರ್ನೆಟ್ಟು ಎಲ್ಲ ಬಂದ್. ಊರೆಲ್ಲ ಎರಡು ಪಂಗಡವಾಯಿತು. ಇದು ಜೀವ ಉಳಿಸುವುದಕ್ಕೆ ಎಂದು ಕೆಲವರು, ಇದು ಬಾಯಿ ಹೊಲಿಯುವುದಕ್ಕೆ ಎಂದು ಕೆಲವರು. ಅವರು ಮೂರು ಸಲ ಕರಡು ಮಾಡಿ ಪತ್ರಿಕೆಗೆ ಬರೆದರು: ಹಿಂದಿನ ಯುದ್ಧದಲ್ಲಿ ನಾನು ಟ್ರಂಕ್ ಕಾಲ್ ಬೋರ್ಡಿನ ಮೇಲಿದ್ದೆ, ಸೈನಿಕನ ಬಾಯಲ್ಲಿ ಒಂದು ಸ್ಟೇಷನ್ನಿನ ಹೆಸರು ಬಂದರೆ ಪ್ಲಗ್ ಕಿತ್ತು ಕರೆ ಕತ್ತರಿಸಬೇಕೆಂದು ಆಜ್ಞೆಯಿತ್ತು, ಕಿತ್ತಿದ್ದೇನೆ, ಆಡಿದ ಮಾತು, ಒಡೆದ ಮುತ್ತು ಎರಡೂ ಕೂಡವು, ತಾಯಂದಿರು ಸ್ವಲ್ಪ ದಿನ ಸಹಿಸಿಕೊಳ್ಳಲಿ. ಪತ್ರ ಅಚ್ಚಾಯಿತು. ಸೊಸೆ ಓದಿ, "ಚೆನ್ನಾಗಿ ಬರೆದಿದ್ದೀರಿ ಮಾವ," ಎಂದಳು. ಅಂದು ಸಂಜೆ ಒಳಗಿನ ಬಾಗಿಲು ತೆರೆದೇ ಇತ್ತು. ಅವಳು ಮಂಚದ ಮೇಲೆ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ಅವರು ವಾರ್ತೆಯ ದನಿಯನ್ನು ದೊಡ್ಡದು ಮಾಡಿದರು. ದೇಶದ ಕ್ಷೇಮಕ್ಕೆ ಎಂದು ಬರೆದದ್ದು ಸುಳ್ಳಲ್ಲ. ಆದರೆ ಆ ಸಂಜೆ ಊಟ ಅವರಿಗೆ ರುಚಿಸಿದ್ದು ದೇಶದ ಕ್ಷೇಮದಿಂದಲ್ಲ.

ಎರಡು ವಾರ ಬಿಟ್ಟು ಫಾರಂ ಬಂತು. ವಾರಕ್ಕೊಮ್ಮೆ, ಮೂರು ನಿಮಿಷ, ಸೈನ್ಯದ ಲೈನಿನ ಮೇಲೆ, ಇನ್ನೊಬ್ಬರು ಕೇಳಿಸಿಕೊಳ್ಳುತ್ತಿರುವಾಗ. ಕರೆ ಸ್ವೀಕರಿಸುವವರ ಹೆಸರು, ಒಬ್ಬರದು ಮಾತ್ರ. ಮನೆಯ ಫಾರಂಗಳನ್ನೆಲ್ಲ ತುಂಬುವವರು ಅವರೇ. ಅವರ ಅಕ್ಷರ ದುಂಡಗೆ. ಅದೇ ಪೆನ್ನಿನಿಂದ, ಅದೇ ದುಂಡು ಅಕ್ಷರದಲ್ಲಿ, ತಮ್ಮ ಹೆಸರು ಬರೆದು, ತಮ್ಮ ನಂಬರು ಬರೆದು, "ಇಲ್ಲಿ ಸಾಕ್ಷಿ ಸಹಿ ಹಾಕಮ್ಮ," ಎಂದು ಸೊಸೆಯ ಮುಂದೆ ಇಟ್ಟರು. ಅವಳು ಹೆಸರಿನ ಮೇಲೆ ಒಂದು ಕ್ಷಣ ಬೆರಳಿಟ್ಟು, ಒದ್ದೆಯಿದೆಯೋ ಎಂದು ನೋಡುವವಳಂತೆ ತೆಗೆದು, ಸಹಿ ಹಾಕಿದಳು. ಅಂದಿನಿಂದ ಗುರುವಾರ ಮೂರೂವರೆಗೆ ಅಂಗಡಿಯಿಂದ ಓಡಿಬಂದು, ಬೆವರು ಒರೆಸಿಕೊಂಡು, ಅವರ ಎದುರಿಗೆ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅವರು ಮಾತಾಡುವರು. ಬೆನ್ನುನೋವು, ಪ್ರಾರ್ಥನೆ, ಬೂಟು, ಕೆಮ್ಮು. ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಬೇಕಾಗಿರಲಿಲ್ಲ. ಹಿಂದಿನ ಟ್ರಂಕ್ ಕಾಲಿನ ಲೆಕ್ಕವೂ ಮೂರು ನಿಮಿಷದ್ದೇ, ಅದು ಅವರ ಮೈಯೊಳಗೇ ಇತ್ತು. ಯಾರಾದರೂ ದೀರ್ಘವಾಗಿ ಹರಟಿದರೆ ಗಲ್ಲಿಯ ಜನ "ಮೂರ್ನಿಮಿಷದ ಯಜಮಾನ್ರು ಪ್ಲಗ್ ಕೀಳ್ತಾರೆ ನೋಡು," ಎಂದು ನಗುತ್ತಿದ್ದರು. ಮೊದಲ ವಾರ ಅರ್ಧಕ್ಕೆ ಅವಳಿಗೆ ಫೋನು ಕೊಟ್ಟರು. ಆಮೇಲೆ ಎರಡು ನಿಮಿಷಕ್ಕೆ. ಆಮೇಲೆ ಇನ್ನೂ ಸ್ವಲ್ಪ ಆಚೆಗೆ. "ಹಲೋ, ನಾನು," ಎಂದು ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಲೈನು ಹೋಗಬೇಕಾದರೆ ಯಾವ ಸೆಕೆಂಡಿಗೆ ಫೋನು ದಾಟಿಸಬೇಕು ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿತ್ತು ಎಂಬುದೂ ಅವರಿಗೆ ಗೊತ್ತಿತ್ತು.

ಅಂಗಡಿಗೆ ಹೋಗಿ ಹೇಳಬೇಕು. ಫೋನಿನಲ್ಲಿ ಹೇಳುವ ಮಾತಲ್ಲ. ಅಂಗಿ ಬದಲಾಯಿಸಿ ಕೆಳಗಿಳಿದರು. ಮೂಲೆಯ ಕ್ಷೌರದಂಗಡಿಯವನು ಬಾಗಿಲಲ್ಲೇ ಹಿಡಿದ. "ಏನ್ ಯಜಮಾನ್ರೇ, ಸೋಮವಾರ ತಪ್ಪಿಸ್ಕೊಂಡು ಹೋಗ್ತೀರಾ? ಕೂತ್ಕೊಳ್ಳಿ, ಕುರ್ಚಿ ಖಾಲಿ ಇದೆ." ಸೋಮವಾರ ಕ್ಷೌರ ಮಾಡಿಸಿಕೊಳ್ಳುವುದು ಇಪ್ಪತ್ತು ವರ್ಷದ ರೂಢಿ. ಬೇಡವೆನ್ನಲು ಒಂದು ಕಾರಣ ಹೇಳಬೇಕಿತ್ತು, ಇದ್ದ ಕಾರಣವನ್ನು ಹೇಳುವಂತಿರಲಿಲ್ಲ. ಕೂತರು. ಪಕ್ಕದ ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದರು. ನೊರೆಯೊಳಗಿಂದಲೇ ಮಾತು ಬಂತು. "ನಿಮ್ಮ ಪತ್ರಕ್ಕೆ ನಾನೊಂದು ಉತ್ತರ ಬರೆದಿದ್ದೀನಿ. ನಾಳೆ ಬರುತ್ತೆ, ಓದಿ."

"ಏನಂತ ಬರೆದಿದ್ದೀರಿ ಸ್ವಾಮಿ?" ಎಂದ ಕ್ಷೌರಿಕ.

"ಶತ್ರು ಹತ್ರ ಆಕಾಶದಿಂದ ನೋಡೋ ಕಣ್ಣಿದೆ, ಅವನಿಗೆ ನಮ್ಮ ಟ್ಯಾಂಕು ಕಾಣೋಕೆ ಒಬ್ಬ ಹುಡುಗನ ಫೋಟೋ ಬೇಕಾಗಿಲ್ಲ ಅಂತ. ಫೋನು ಕಿತ್ಕೊಂಡಿದ್ದು ಶತ್ರುವಿಂದ ಮುಚ್ಚಿಡೋಕಲ್ಲ, ನಮ್ಮಿಂದ. ಹೊಟ್ಟೆಗೆ ಸರಿಯಾಗಿ ಹಾಕ್ತಾ ಇದಾರಾ, ಬೂಟು ಹರಿದಿದೆಯಾ, ಎಷ್ಟು ಜನ ಹೋದ್ರು, ಇದೆಲ್ಲ ಕೇಳೋರು ಯಾರು? ಪಟ್ಟಿ ತಿಂಗಳಿಗೊಂದು ಸಲ ಹಾಕ್ತಾರೆ. ಅಲ್ಲೀ ತನಕ ಸತ್ತೋನು ಬದುಕಿದಾನೆ ಅಂತಲೇ ಲೆಕ್ಕ."

"ಅಯ್ಯೋ, ಬಾಯಿ ಬಿಟ್ಟರೆ ಬಣ್ಣಗೇಡು ಸ್ವಾಮಿ," ಎಂದ ಕ್ಷೌರಿಕ, ಅವರ ಕೆನ್ನೆಗೆ ಬ್ರಷ್ ತಿರುಗಿಸುತ್ತ. "ನಮ್ಮ ಭಾವಮೈದುನನ್ನೇ ನೋಡಿ, ಊಟಕ್ಕೆ ಕೂತ್ರೆ ತಟ್ಟೆ ಫೋಟೋ ಹಾಕ್ತಾನೆ. ಅವನನ್ನ ಕಂದಕದಲ್ಲಿ ಬಿಟ್ರೆ ಕಂದಕದ ಫೋಟೋ ಹಾಕ್ದೇ ಇರ್ತಾನಾ? ನಮ್ಮ ಯಜಮಾನ್ರು ಹೇಳಿದ್ದೇ ಸರಿ. ಆ ಕಥೆ ಹೇಳಿ ಯಜಮಾನ್ರೇ, ಪ್ಲಗ್ ಕಿತ್ತಿದ್ದು."

ಅದು ಅವರು ನೂರು ಸಲ ಹೇಳಿದ ಕಥೆ. ಸಿಪಾಯಿಯೊಬ್ಬ ತಾಯಿಗೆ ಕರೆ ಮಾಡಿ, "ಅಮ್ಮ, ನಾವೀಗ" ಎಂದು ಒಂದು ಸ್ಟೇಷನ್ನಿನ ಹೆಸರೆತ್ತಿದ. ಅವರು ಪ್ಲಗ್ ಕಿತ್ತರು. ಈ ಕಡೆಯ ಲೈನಿನಲ್ಲಿ ಉಳಿದ ಮುದುಕಿ, "ಹಲೋ, ಎಲ್ಲೋ ಹೋದೆ, ಹಾಳಾದೋನೇ, ತುತ್ತು ನುಂಗಿದ ಹಾಗೆ ಮಾತು ನುಂಗ್ತೀಯಲ್ಲೋ," ಎಂದು ಮಗನನ್ನೇ ಬೈದಳು. ಇಲ್ಲಿ ಎಲ್ಲರೂ ನಗುವರು. ಆ ಮುದುಕಿ ಬೈದು ಮುಗಿಸಿದ ಮೇಲೂ ಫೋನು ಇಡದೆ, ಸಣ್ಣ ದನಿಯಲ್ಲಿ ಬಹಳ ಹೊತ್ತು ಹಲೋ ಹಲೋ ಎನ್ನುತ್ತಲೇ ಇದ್ದಳೆಂಬುದನ್ನು ಅವರು ಕಥೆಯಲ್ಲಿ ಸೇರಿಸುತ್ತಿರಲಿಲ್ಲ. "ಇವತ್ತು ಬೇಡಪ್ಪ," ಎಂದರು. "ಯಾಕೆ, ಗಂಟಲು ಕಟ್ಟಿದೆಯಾ? ಇರಲಿ. ಹುಡುಗ ಹೇಗಿದಾನೆ?" ಕತ್ತಿ ಗಂಟಲಿನ ಹತ್ತಿರ ಬಂದು ನಿಂತಿತು, ಉತ್ತರಕ್ಕೆ ಕಾಯುತ್ತ. ಕನ್ನಡಿಯಲ್ಲಿ ಮೂರು ಮುಖ, ಎರಡು ಅವರನ್ನೇ ನೋಡುತ್ತಿದ್ದವು. "ಚೆನ್ನಾಗಿದಾನೆ," ಎಂದರು ಅವರು. "ದೇವರು ಹಾಗೇ ಇಟ್ಟಿರಲಿ," ಎಂದರು ಮೇಷ್ಟ್ರು, ಜಗಳ ಮರೆತು, ನಿಜವಾದ ಕಕ್ಕುಲತೆಯಿಂದ. ಆಗ ಅವರಿಗೆ ಎದ್ದು ಓಡಿಹೋಗಬೇಕೆನ್ನಿಸಿತು. ಆದರೆ ಅರ್ಧ ಮುಖ ಇನ್ನೂ ಬಾಕಿಯಿತ್ತು.

ಕನ್ನಡಕದ ಅಂಗಡಿ ಎರಡು ರಸ್ತೆ ಆಚೆ. ಸೊಸೆ ಕೆಲಸ ಮಾಡುವ ಜಾಗವನ್ನು ಅವರು ಒಳಗೆ ಹೋಗಿ ನೋಡಿರಲಿಲ್ಲ. ಗಾಜಿನ ಬಾಗಿಲು ತಳ್ಳಿದಾಗ ಗಂಟೆ ಕಿಣಿಕಿಣಿ ಎಂದಿತು. ಗೋಡೆಯ ತುಂಬ ಕಣ್ಣಿಲ್ಲದ ಕನ್ನಡಕಗಳು. ಅವಳು ಹಿಂದಿನ ಪರದೆ ಸರಿಸಿ ಬಂದವಳು ಮುಖವರಳಿಸಿ, "ಅಂತೂ ಬಂದಿರಲ್ಲ ಮಾವ! ಆರು ತಿಂಗಳಿಂದ ಕರೀತಿದ್ದೀನಿ, ಇವತ್ತು ಯಾವ ಮುಹೂರ್ತ ನೋಡಿ ಬಂದ್ರಿ? ಬನ್ನಿ, ಬನ್ನಿ, ಈಗ ಯಾರೂ ಇಲ್ಲ," ಎಂದು ಕೈ ಹಿಡಿದು ಒಳಗೆ ಕರೆದೊಯ್ದು, ಎತ್ತರದ ಕುರ್ಚಿಯಲ್ಲಿ ಕೂರಿಸಿಯೇಬಿಟ್ಟಳು. ಕಣ್ಣು ಪರೀಕ್ಷೆಗೆ ಬಂದಿದ್ದಾರೆಂದು ಅವಳು ತಿಳಿದಳು. ಅಲ್ಲವೆನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಮೂಗಿನ ಮೇಲೆ ಭಾರದ ಕಬ್ಬಿಣದ ಚೌಕಟ್ಟು ಬಂದು ಕೂತಿತು. ಅವಳ ಬೆರಳು ಕಿವಿಯ ಹಿಂದೆ ತಣ್ಣಗೆ ತಾಕಿತು. ಪೆಟ್ಟಿಗೆಯಿಂದ ಒಂದೊಂದೇ ಗಾಜು ತೆಗೆದು, ಚೌಕಟ್ಟಿನಲ್ಲಿಟ್ಟು, "ಈಗ ಹೇಗಿದೆ? ಮೊದಲಿನದು ಸ್ಪಷ್ಟವಾ, ಇದು ಸ್ಪಷ್ಟವಾ?" ಎಂದಳು. "ಮೊದಲಿನದು," ಎಂದರು. "ಈಗ?" "ಎರಡೂ ಒಂದೇ." "ಒಂದೇ ಆಗೋಲ್ಲ ಮಾವ. ಸರಿಯಾಗಿ ನೋಡಿ ಹೇಳಿ, ಅವಸರ ಇಲ್ಲ." ಈ ದನಿ ಅವರಿಗೆ ಗುರುತು ಸಿಕ್ಕಿತು. ಮುಚ್ಚಿದ ಬಾಗಿಲಿನ ಆಚೆಯ ದನಿ ಇದು. ಅವಸರವಿಲ್ಲದ ದನಿ. ಇದು ಇಷ್ಟು ಸಾಧಾರಣವೇ? ದಾರಿಹೋಕರಿಗೆಲ್ಲ ಇವಳು ಕೊಡುವುದು ಇದನ್ನೇ. ತನಗೂ ಕೊಡುತ್ತಿದ್ದಳೇನೋ, ಕೇಳಿದ್ದರೆ. ಎದುರಿನ ಗೋಡೆಯಲ್ಲಿ ಅಕ್ಷರಗಳು ಮೇಲಿನಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗಿದ್ದವು. "ಕೊನೇ ಸಾಲು ಓದಿ."

ಕೊನೆಯ ಸಾಲು. ಹೋದ ಗುರುವಾರ ಅವರು ಕಿಟಕಿಯ ಹತ್ತಿರ, ಅವಳಿಗೆ ಬೆನ್ನು ಮಾಡಿ ನಿಂತಿದ್ದರು. ಅಲ್ಲಿ ದನಿ ಚೆನ್ನಾಗಿ ಕೇಳುತ್ತದೆ ಎಂದು ಹೇಳಿಕೊಂಡಿದ್ದರು. "ಅಪ್ಪ, ಇವತ್ತು ಬೇಗ ಅವಳಿಗೆ ಕೊಡು," ಎಂದ ಮಗ, ಮೊದಲೇ. "ಕೊಡ್ತೀನಿ ಇರೋ, ನಿನ್ನ ಕೆಮ್ಮು ಹೇಗಿದೆ?" "ಹೋಗಿದೆ ಅಪ್ಪ. ಅವಳು ಇದ್ದಾಳಾ ಅಲ್ಲಿ?" "ಇರ್ತಾಳೆ, ಎಲ್ಲಿ ಹೋಗ್ತಾಳೆ. ಪ್ರಾರ್ಥನೆ ಮಾಡ್ತಿದ್ದೀಯಾ?" "ಮಾಡ್ತಿದ್ದೀನಿ. ಅಪ್ಪ, ಹೋಗಲಿ, ನೀನೇ ಹೇಳಿಬಿಡು. ಅವಳಿಗೆ ಹೇಳು, ನಾಳೆ ಹೊಳೆ ದಾಟಿದ ಮೇಲೆ..." ಅವರ ಹೆಬ್ಬೆರಳು ಒತ್ತಿಬಿಟ್ಟಿತು. ಲೈನಿನ ಮೇಲಿನ ಮೂರನೆಯ ಉಸಿರು ಕೂಡ ಅವರಿಗೆ ಕೇಳಿಸಿತ್ತು, ಕೇಳಿಸಿಕೊಳ್ಳುತ್ತ ಕೂತವನದು; ಅವನು ಕತ್ತರಿಸಿರಲಿಲ್ಲ. ಕತ್ತರಿಸಿದ್ದು ಇವರು. ಕೈ ರೂಢಿ, ಎಂದುಕೊಂಡರು ಆಗ. ಹೊಳೆ ಎಂದರೆ ಜಾಗದ ಗುರುತು, ನಾಳೆ ಎಂದರೆ ಕಾಲದ ಗುರುತು, ಪ್ಲಗ್ ಕೀಳಬೇಕು. ಮೂವತ್ತೊಂದು ವರ್ಷದ ಕೈ. ಆದರೆ ನಾಲ್ಕು ದಿನದಿಂದ ಅವರು ಪ್ರಾರ್ಥನೆಗೆ ಕೂತಾಗಲೆಲ್ಲ ಆ ವಾಕ್ಯ ಎದ್ದು ಬರುತ್ತಿತ್ತು, ಬೆರಳು ಯಾವ ಮಾತಿನ ಮೇಲೆ ಬಿತ್ತು ಎಂದು ಕೇಳುತ್ತಿತ್ತು. ಹೊಳೆಯ ಮೇಲೆ ಬಿತ್ತೋ, ಅವಳಿಗೆ ಎಂಬುದರ ಮೇಲೆ ಬಿತ್ತೋ? "ಏನಾಯ್ತು ಮಾವ?" ಎಂದು ಅವಳು ಎದ್ದು ನಿಂತಿದ್ದಳು. "ಕಟ್ ಮಾಡಿದ್ರಮ್ಮ. ಜಾಗದ ಮಾತೇನೋ ಬಂತು, ಕಟ್ ಮಾಡಿಬಿಟ್ರು." ಅವಳು ಕೈಗಡಿಯಾರ ನೋಡಿ, "ಇನ್ನೂ ಐವತ್ತು ಸೆಕೆಂಡ್ ಇತ್ತು," ಎಂದಿದ್ದಳು. ಅಷ್ಟೇ ಅಂದಿದ್ದಳು. ಇವತ್ತು ಬೆಳಿಗ್ಗೆ ಆ ಎಳೆಯ ದನಿ ಕಾಗದದಲ್ಲಿಲ್ಲದ ಮಾತು ಹೇಳಿತು: "ಅವತ್ತು ನಿಮ್ಮ ಕಡೆಯಿಂದ ಕಟ್ಟಾಯ್ತು ಸರ್. ನಿಮ್ಮ ಮಗನಿಗೆ ಅದು ಗೊತ್ತಾಗಲಿಲ್ಲ, ನಾನು ಹೇಳೋಕೂ ಹೋಗಲಿಲ್ಲ. ಅವರು ಪೂರ್ತಿ ಮಾತಾಡಿ ಮುಗಿಸಿದ್ರು." "ಏನಂದ?" ಎಂದು ಇವರು ಕೇಳಿದ್ದರು. "ಕೇಳಿಸ್ಕೊಂಡಿದ್ದು ಲೈನು ದಾಟಬಾರದಲ್ಲ ಸರ್. ನೀವೂ ಇದೇ ಕೆಲಸದವರಂತೆ. ಅವರು ಹೇಳ್ತಿದ್ರು." ಹೌದು, ದಾಟಬಾರದು. ಹೊಸಬರಿಗೆಲ್ಲ ಇವರೇ ಆ ಪಾಠ ಹೇಳಿದ್ದು. ಮಗನ ಕೊನೆಯ ಮಾತು ಈಗ ಹೆಸರು ಗೊತ್ತಿಲ್ಲದ ಒಬ್ಬ ಹುಡುಗನ ಕಿವಿಯಲ್ಲಿದೆ. ಆ ಕಿವಿಯ ಮೇಲೆ ಅವರಿಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಸೊಸೆಯ ಮೇಲೆ ಇಷ್ಟು ವರ್ಷ ಇದ್ದದ್ದು ಅದರ ಮುಂದೆ ಬರೀ ಹೊಗೆ.

"ಕಾಣ್ತಾ ಇಲ್ವಾ?" ಎಂದಳು ಸೊಸೆ. ಆಮೇಲೆ, ಗಾಜು ಬದಲಾಯಿಸುತ್ತ, ಗುಟ್ಟು ಹೇಳುವವಳಂತೆ ನಕ್ಕು, "ಮಾವ, ಈ ಗುರುವಾರ ಒಂದು ಉಪಾಯ ಮಾಡಿದ್ದೀನಿ. ನಾನು ಹೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೀನಿ. ಇಲ್ಲಿ ಗಿರಾಕಿ ಇಲ್ಲದಾಗ ಗಡಿಯಾರ ಇಟ್ಕೊಂಡು ಓದಿ ನೋಡಿದೆ. ಮೊದಲು ಒಂದೂಕಾಲು ನಿಮಿಷ ಆಗ್ತಿತ್ತು. ಹೊಡೆದು ಹಾಕಿ ಹೊಡೆದು ಹಾಕಿ, ಈಗ ನಲವತ್ತೆಂಟು ಸೆಕೆಂಡಿಗೆ ಬಂದಿದೆ. ನೀವು ಐವತ್ತು ಸೆಕೆಂಡ್ ಇರೋವಾಗ ಕೊಟ್ಟರೆ ಸಾಕು. ಕೊಡ್ತೀರಲ್ವಾ?"

ಕಬ್ಬಿಣದ ಚೌಕಟ್ಟಿನೊಳಗೆ ಅವರ ಕಣ್ಣು ತುಂಬಿತು. ಅವಳು ಬಗ್ಗಿ ನೋಡಿದಳು. ಕಣ್ಣಿನಲ್ಲಿ ನೀರು ಬರುವುದು ಅವಳ ಕೆಲಸದಲ್ಲಿ ದಿನಾ ನೋಡುವಂಥದು. "ದೀಪ ಚುಚ್ತಾ ಇದೆಯಾ?" ಎಂದವಳು, ಅಲ್ಲಿಗೆ ನಿಲ್ಲಿಸಿದಳು. "ಮನೆಗೆ ಹೋಗೋಣ ಬಾಮ್ಮ," ಎಂದರು ಅವರು. ಅವಳು ಅವರ ಮುಖ ನೋಡಿದಳು, ಆಗತಾನೇ ಕ್ಷೌರ ಮಾಡಿಸಿಕೊಂಡ ನುಣ್ಣನೆಯ ಗಲ್ಲ ನೋಡಿದಳು. ಚೌಕಟ್ಟನ್ನು ಮೆಲ್ಲಗೆ ಬಿಡಿಸಿದಳು. ಗಾಜುಗಳನ್ನು ಒಂದೊಂದಾಗಿ ಒರೆಸಿ, ಪೆಟ್ಟಿಗೆಯ ಅದರದರ ಸಂದಿನಲ್ಲಿಟ್ಟಳು. ಕೊನೆಯ ಗಾಜಿನ ಸಂದು ಎಲ್ಲಿದೆಯೆಂದು ಅವಳಿಗೆ ಸಿಕ್ಕಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ, "ಯಾವತ್ತು?" ಎಂದಳು. "ಶುಕ್ರವಾರ." "ನಿಮಗೆ ಯಾವಾಗ ಗೊತ್ತಾಯ್ತು?" "ಹನ್ನೊಂದಕ್ಕೆ." ಗೋಡೆಯ ಗಡಿಯಾರದಲ್ಲಿ ಹನ್ನೆರಡೂಮುಕ್ಕಾಲು. ಅವಳು ಅದನ್ನೂ ನೋಡಿದಳು.

ಮನೆಯಲ್ಲಿ ಅವಳು ಅಳುವಾಗ ಅವರು ಸ್ಟೂಲಿನ ಮೇಲೆ ಕೂತಿದ್ದರು, ಗುರುವಾರ ಅವಳು ಕೂರುತ್ತಿದ್ದ ಸ್ಟೂಲು. ನಾಲ್ಕು ಗಂಟೆಯ ಹೊತ್ತಿಗೆ ಹೇಳಿದರು. ಕಟ್ ಮಾಡಿದ್ದು ಅವರಲ್ಲ, ನಾನು. ಹೆಬ್ಬೆರಳು ತೋರಿಸಿದರು, ಮಗು ಗಾಯ ತೋರಿಸುವಂತೆ. ತೋರಿಸಿದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆ ಅರ್ಧ ವಾಕ್ಯವನ್ನು ಹೇಳಿದರು: ಅವಳಿಗೆ ಹೇಳು, ನಾಳೆ ಹೊಳೆ ದಾಟಿದ ಮೇಲೆ. ಉಳಿದರ್ಧವನ್ನೂ ಅವನು ಆಡಿ ಮುಗಿಸಿದ್ದ, ಅದನ್ನು ಕೇಳಿದವನು ಲೈನಿನ ಮೇಲಿದ್ದ ಹುಡುಗನೊಬ್ಬನೇ ಎಂದೂ ಹೇಳಿದರು. ರೂಢಿಯಿಂದ ಎಂದು ಹೇಳಲು ಹೊರಟವರು, ದೀಪದ ಕಡೆ ನೋಡಿ, "ಬರೀ ರೂಢಿಯಲ್ಲಮ್ಮ," ಎಂದರು. ಅವಳು ಅಳು ನಿಲ್ಲಿಸಿದಳು. "ನಾನು ಆ ಲೈನಿನವನನ್ನ ಬೈದೆ ಮಾವ," ಎಂದಳು. "ಮುಖ ನೋಡದವನನ್ನ. ನಾಲ್ಕು ದಿನ, ಅಕ್ಕಿ ತೊಳೆಯುವಾಗ, ಅಂಗಡಿಗೆ ನಡೆಯುವಾಗ, ಅವನ ಬಾಯಿ ಬಿದ್ದುಹೋಗಲಿ, ಅವನ ಮನೆಯವರಿಗೆ ಅವನ ದನಿ ಕೇಳದೆ ಹೋಗಲಿ ಅಂತ ಶಾಪ ಹಾಕಿದೆ. ಈಗ ಅದನ್ನೆಲ್ಲ ಎಲ್ಲಿ ಹಾಕಲಿ?"

"ಇಲ್ಲೇ ಹಾಕಮ್ಮ."

ಅವಳು ಹಾಕಲಿಲ್ಲ. ಹಾಕಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತೋ ಏನೋ. ಎದ್ದು ಹೋಗಿ ಮುಖ ತೊಳೆದು ಬಂದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. "ನಿಮಗೆ ನಿಮ್ಮ ಮಗ ಸಾಲಲಿಲ್ಲ ಅಲ್ವಾ ಮಾವ?" ಎಂದಳು, ಸಿಟ್ಟಿಲ್ಲದೆ, ಕಣ್ಣಿನ ನಂಬರು ಹೇಳುವಂತೆ. "ನನಗೂ ಸಾಲಲಿಲ್ಲ." ಆಮೇಲೆ ಇಬ್ಬರೂ ಐದು ಗಂಟೆಗೆ ಕಾದರು. ಮೇಜಿನ ಮೇಲೆ ಫೋನು ಅಂಗಾತ ಬಿದ್ದಿತ್ತು. ಅವರ ಒಳಗೆ ಕಳ್ಳನೊಬ್ಬ ಇನ್ನೂ ಎಚ್ಚರವಾಗಿದ್ದ: ಹೆಸರು ನಿನ್ನದು, ಫಾರಂನಲ್ಲಿ ನಿನ್ನ ನಂಬರು, ನೀನೇ ಎತ್ತು, ನೀನು ಹಳಬ, ಹೇಗಾದರೂ ಕೇಳಿ ಆ ಹುಡುಗನ ಬಾಯಿ ಬಿಡಿಸು, ಮೊದಲು ನೀನು ಕೇಳಿಸಿಕೋ, ಆಮೇಲೆ ಅವಳಿಗೆ ಹೇಳಿದರಾಯಿತು. ಫೋನು ಬಡಿದುಕೊಂಡಿತು. ಕೈ ಮುಂದೆ ಹೋಯಿತು. ಎತ್ತಿದರು. "ಸರ್," ಎಂದಿತು ಎಳೆಯ ದನಿ. "ಒಂದು ನಿಮಿಷ ಇರಪ್ಪ. ಅವನ ಹೆಂಡತಿಗೆ ಕೊಡ್ತೀನಿ," ಎಂದರು. "ಅವನು ಮಾತಾಡಿದ್ದು ಇವಳ ಹತ್ರ. ಲೈನು ಇವಳದು. ಇವಳಿಗೆ ಹೇಳಿದರೆ ಲೈನು ದಾಟಿದ ಹಾಗಲ್ಲ. ಮೂವತ್ತೊಂದು ವರ್ಷ ಸರ್ವೀಸಾದವನು ಹೇಳ್ತಿದ್ದೀನಿ." ಫೋನನ್ನು ಅವಳ ಕೈಗೆ ದಾಟಿಸಿದರು.

ಅವಳು ಫೋನು ಹಿಡಿದು ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ, ಮುಚ್ಚಲು ಅವಳಿಗೆ ನೆನಪಿರಲಿಲ್ಲ. ಅವರು ಎದ್ದುಹೋಗಿ, ಒಳಗೆ ನೋಡದೆ, ಹಿಡಿ ಹಿಡಿದು ತಾವೇ ಬಾಗಿಲು ಎಳೆದುಕೊಂಡರು, ಸದ್ದಾಗದಂತೆ. ಹೂಂ, ಎಂದಳು ಒಳಗೆ. ಸ್ವಲ್ಪ ಬಿಟ್ಟು ಇನ್ನೊಂದು ಹೂಂ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತನ್ನು ಅವರ ಮೈ ತಾನೇ ಎಣಿಸಿತು. ಹತ್ತು. ಇಪ್ಪತ್ತು. ಹುಡುಗ ಹೇಳುತ್ತಿದ್ದಾನೋ, ಹೇಳಲಾರೆ ಎನ್ನುತ್ತಿದ್ದಾನೋ? ಬಲಗೈ ಮೆಲ್ಲಗೆ ಕಿವಿಯ ಕಡೆ ಏರುತ್ತಿತ್ತು. ಆಗ ಒಳಗಿನಿಂದ ಕಾಗದ ಬಿಚ್ಚುವ ಸದ್ದು ಬಂತು, ಅದರ ಹಿಂದೆ ಸೊಸೆಯ ದನಿ, ಓದುವ ದನಿ, ಸಾಲು ಮುಗಿದಲ್ಲಿ ಉಸಿರು ತೆಗೆದುಕೊಳ್ಳುವ ದನಿ. ನಲವತ್ತೆಂಟು ಸೆಕೆಂಡಿನ ಚೀಟಿ. ಆ ಕಡೆ ಹುಡುಗ ಇನ್ನೂ ಇದ್ದಾನೋ, ಬರೀ ಖಾಲಿ ಲೈನೋ, ಅವರಿಗೆ ತಿಳಿಯದು. ಒಂದು ಮಾತಾದರೂ ಬಿಡಿಸಿ ತಿಳಿಯುವ ಮೊದಲೇ ಅವರು ಬಾಲ್ಕನಿಗೆ ಹೋಗಿ ಅದರ ಬಾಗಿಲನ್ನೂ ಮುಚ್ಚಿಕೊಂಡರು. ಜೀವಮಾನದಲ್ಲಿ ಮೊದಲ ಸಲ ತಾವಾಗಿ ಹೆಡ್‌ಫೋನ್ ತೆಗೆದಿಟ್ಟಂತಾಯಿತು. ಬೀದಿಯ ಸದ್ದು ಬಂತು. ಬೆಳಗಿನ ಟವೆಲು ಒಣಗಿ ಗರಿಗರಿಯಾಗಿತ್ತು. ಅದಕ್ಕೆ ಹಣೆ ಆನಿಸಿ, ಕಣ್ಣು ಮುಚ್ಚಿದರು. ದಿನವೂ ಗಂಟೆಗಟ್ಟಲೆ ಪ್ರಾರ್ಥನೆ ಮಾಡುವವರಿಗೆ ಇವತ್ತು ಕಲಿತ ಮಾತೊಂದೂ ನಾಲಗೆಗೆ ಬರಲಿಲ್ಲ.

ದೇವರೇ, ಎಂದರು. ಅವನು ಏನು ಹೇಳಿದನೋ ನನಗೆ ತಿಳಿಯದು, ತಿಳಿಸಬೇಡ. ತಿಳಿಯಲಿಲ್ಲವಲ್ಲ ಎಂಬ ಕಿಚ್ಚು ಈಗಲೂ ಹೊಟ್ಟೆಯಲ್ಲಿ ಉರಿಯುತ್ತಿದೆ, ಅದನ್ನು ನೀನೇ ಆರಿಸು. ಬಾಗಿಲ ಹಿಂದೆ ಇರುವವಳಿಗೆ ಶಕ್ತಿ ಕೊಡು. ಆ ಲೈನಿನ ಹುಡುಗನಿಗೆ ತಗಲಿದ ಶಾಪವನ್ನು ನನ್ನ ಮೇಲೆ ತಿರುಗಿಸು. ನನ್ನ ಮಗ ತಣ್ಣನೆಯ ನೀರಿನಲ್ಲಿ ಇಳಿದು ನಿನ್ನ ದಡಕ್ಕೆ ಬಂದಿದ್ದಾನೆ. ಅವನ ಕೆಮ್ಮು ಇನ್ನೂ ಪೂರ್ತಿ ಹೋಗಿರಲಾರದು, ಬೆಚ್ಚಗೆ ಇರಿಸಿಕೋ. ಅವನು ಮಾತಾಡಲು ಬಾಯಿ ತೆರೆದರೆ ನೀನು ಗಡಿಯಾರ ನೋಡಬೇಡ. ಕೊನೆಯ ತನಕ ಕೇಳು, ಅವನ ನಗುವನ್ನೂ ಕೇಳು. ಅವನಿಗೆ ಶಾಂತಿ ಕೊಡು, ತಂದೆ. ಶಾಂತಿ ಕೊಡು.